ರಾಣಿಯ ಹತ್ತು ಪ್ರಾಣಿಗಳು, ಬೆಳ್ಳಿಯ ಮೇಲೆ

1953ರ ಜೂನ್ 2ರಂದು ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನಡೆದಾಗ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಮುಂದೆ ಆಳೆತ್ತರದ ಹತ್ತು ಪ್ರಾಣಿಗಳು ಸಾಲಾಗಿ ನಿಂತಿದ್ದವು. ಶಿಲ್ಪಿ ಜೇಮ್ಸ್ ವುಡ್‌ಫರ್ಡ್ ಪ್ಲಾಸ್ಟರಿನಲ್ಲಿ ರೂಪಿಸಿದ ಈ ಪ್ರತಿಮೆಗಳು ಈಗ ಕೆನಡಾದಲ್ಲಿವೆ. ಅವುಗಳ ಕಲ್ಲಿನ ಪ್ರತಿಗಳು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿವೆ. ಬ್ರಿಟನ್ನಿನ ಟಂಕಸಾಲೆಯಾದ ರಾಯಲ್ ಮಿಂಟ್ 2016ರಿಂದ 2021ರವರೆಗೆ ಹೊರತಂದ ‘ಕ್ವೀನ್ಸ್ ಬೀಸ್ಟ್ಸ್’ ನಾಣ್ಯಮಾಲಿಕೆಗೆ ಇವೇ ಸ್ಫೂರ್ತಿ.

ಹತ್ತೂ ಪ್ರಾಣಿಗಳು ಒಂದೊಂದು ಗುರಾಣಿ ಹಿಡಿದಿವೆ. ಈ ಪ್ರಾಣಿಗಳು ರಾಣಿಯ ವಂಶಕ್ಕೆ ಬಂದು ಕೂಡಿದ ಮನೆತನಗಳ ಲಾಂಛನಗಳು. ಸಿಂಹ ಇಂಗ್ಲೆಂಡಿನದು, ಒಂಟಿಕೊಂಬಿನ ಯೂನಿಕಾರ್ನ್ ಸ್ಕಾಟ್ಲೆಂಡಿನದು, ಕೆಂಪು ಡ್ರ್ಯಾಗನ್ ವೇಲ್ಸಿನದು. 1714ರಲ್ಲಿ ಒಂದನೇ ಜಾರ್ಜ್ ಜರ್ಮನಿಯ ಹ್ಯಾನೋವರಿನಿಂದ ಬಂದು ಪಟ್ಟವೇರಿದ್ದನ್ನು ಬಿಳಿ ಕುದುರೆ ನೆನಪಿಸುತ್ತದೆ. ಗ್ರಿಫಿನ್ ಎಂಬ ಕಾಲ್ಪನಿಕ ಮೃಗ, ಕಪ್ಪು ಗೂಳಿ, ಡೇಗೆ, ಬಿಳಿ ಸಿಂಹ, ಬಿಳಿ ಬೇಟೆನಾಯಿಗಳೂ ಸಾಲಿನಲ್ಲಿವೆ. ಎಲ್ಲಕ್ಕಿಂತ ಸೊಗಸಾದದ್ದು ಬ್ಯೂಫೋರ್ಟ್ ಮನೆತನದ ‘ಯೇಲ್’. ತನ್ನ ಎರಡು ಕೊಂಬುಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಬಲ್ಲದೆಂದು ನಂಬಲಾಗಿದ್ದ ಈ ಕಾಲ್ಪನಿಕ ಮೃಗ, ಏಳನೇ ಹೆನ್ರಿಯ ತಾಯಿ ಮಾರ್ಗರೆಟ್ ಬ್ಯೂಫೋರ್ಟಳ ಮೂಲಕ ರಾಜಮನೆತನಕ್ಕೆ ಬಂತು.

ನಾಣ್ಯಗಳ ವಿನ್ಯಾಸ ಜೋಡಿ ಕ್ಲಾರ್ಕ್ ಅವರದು. ಅವರು ಪ್ರತಿಮೆಗಳನ್ನು ನಕಲು ಮಾಡಲಿಲ್ಲ. ಅಲ್ಲಿ ನೆಟ್ಟಗೆ ಕೂತಿದ್ದ ಪ್ರಾಣಿಗಳಿಗೆ ಇಲ್ಲಿ ಚಲನೆ ಬಂದಿದೆ. ಮಾಲಿಕೆಯ ನಿಜವಾದ ಸಾಧನೆ ಇದೇ. ಇನ್ನೊಂದು ಮುಖದ ರಾಣಿಯ ಚಿತ್ರವೂ ಅವರದೇ ಆದ್ದರಿಂದ ಎರಡು ಬದಿಗಳಲ್ಲೂ ಒಂದೇ ಕೈಯ ಹದವಿದೆ.

ಸಂಗ್ರಾಹಕರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಟ್ರಾಯ್ ಔನ್ಸಿನ, ಎಂದರೆ ಸುಮಾರು 62 ಗ್ರಾಂ ತೂಕದ, ಶೇ 99.99 ಶುದ್ಧ ಬೆಳ್ಳಿಯ ನಾಣ್ಯ. ಮೇಲೆ ಬರೆದಿರುವ ಮೌಲ್ಯ ಐದು ಪೌಂಡ್. ಒಳಗಿನ ಬೆಳ್ಳಿಯ ಬೆಲೆಯೇ ಅದಕ್ಕಿಂತ ಎಷ್ಟೋ ಹೆಚ್ಚು. ಇದು ಹೂಡಿಕೆಗೆಂದು ಮಾಡಿದ ಬುಲಿಯನ್ ನಾಣ್ಯ, ಇದರ ದರ ಬೆಳ್ಳಿಯ ಪೇಟೆಯೊಂದಿಗೆ ಏರಿಳಿಯುತ್ತದೆ. ‘ಪ್ರೂಫ್’ ನಾಣ್ಯದ ಮಾತು ಬೇರೆ. ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿ, ಸೀಮಿತ ಸಂಖ್ಯೆಯಲ್ಲಿ ತಯಾರಿಸುವುದರಿಂದ ಅದರ ಬೆಲೆಯನ್ನು ವಿರಳತೆಯೂ ನಿರ್ಧರಿಸುತ್ತದೆ. ಕೊಳ್ಳುವ ಮೊದಲು ಯಾವ ಬಗೆಯದೆಂದು ಕೇಳಿ ತಿಳಿಯಲೇಬೇಕು.

ಶುದ್ಧ ಬೆಳ್ಳಿ ಮೆದು. ಬೇಗ ಗೀರು ಬೀಳುತ್ತದೆ, ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಕಪ್ಪಾಗುತ್ತದೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಪ್ಲಾಸ್ಟಿಕ್ ಕ್ಯಾಪ್ಸೂಲಿನಲ್ಲಿಟ್ಟು, ತೇವವಿಲ್ಲದ ಕಡೆ ಕಾಪಾಡಬೇಕು. ಮನೆಯ ಬೆಳ್ಳಿ ಪಾತ್ರೆಯಂತೆ ಉಜ್ಜಿ ತೊಳೆದರೆ ಮೇಲ್ಮೈಯ ಸೂಕ್ಷ್ಮ ಕೆತ್ತನೆ ಸವೆದು, ಸಂಗ್ರಾಹಕರು ಕೊಡುವ ಬೆಲೆ ಇಳಿಯುತ್ತದೆ.