ಹುಚ್ಚು, ನಾದ, ಹಂಬಲ

ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ‘ಪ್ಯಾಶನ್’ ಎಂದರೇನು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗ ಥಟ್ಟನೆ ಎದ್ದು, ‘ಗಾಡಿ ರೀ ಸರ, ನಮ್ಮ ಕಾಕಾಂದು ಐತಿ’ ಎಂದ. ತರಗತಿಯೆಲ್ಲ ನಕ್ಕಿತು. ಉತ್ತರವೇನೂ ತಪ್ಪಲ್ಲ. 2001ರಲ್ಲಿ ಬಂದ ಆ ಮೋಟಾರ್ ಸೈಕಲ್ಲನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಅರಿಯದವರಿಲ್ಲ.

ಆದರೆ ಈ ಶಬ್ದದ ಬೇರು ಇರುವುದು ಲ್ಯಾಟಿನ್ನಿನಲ್ಲಿ. ಅಲ್ಲಿ ಅದರ ಅರ್ಥ ನರಳುವುದು, ಸಹಿಸುವುದು. ಆಸ್ಪತ್ರೆಯ ‘ಪೇಶೆಂಟ್’ ಕೂಡ ಇದೇ ಬೇರಿನ ಚಿಗುರು. ಕ್ರೈಸ್ತರಿಗೆ ಇದು ಏಸುವಿನ ಕೊನೆಯ ಯಾತನೆ. ಕಾಲ ಸರಿದಂತೆ ಕೋಪ, ಪ್ರೇಮ, ತೀವ್ರ ಆಸಕ್ತಿಗಳೂ ಅದರೊಳಗೆ ಬಂದು ಸೇರಿದವು.

ನಮ್ಮ ಅಂಗಳದ ಕೃಷ್ಣಕಮಲದ ಬಳ್ಳಿಯನ್ನೇ ನೋಡಿ. ಸ್ಪೇನಿನ ಪಾದ್ರಿಗಳಿಗೆ ಅದರ ಮೂರು ಶಲಾಕಾಗ್ರಗಳು ಶಿಲುಬೆಯ ಮೊಳೆಗಳಂತೆ, ಐದು ಪರಾಗಕೋಶಗಳು ಗಾಯಗಳಂತೆ, ಸುತ್ತಲಿನ ಎಳೆಗಳು ಮುಳ್ಳಿನ ಕಿರೀಟದಂತೆ ಕಂಡವು. ‘ಪ್ಯಾಶನ್ ಫ್ಲವರ್’ ಎಂಬ ಹೆಸರು ಬಂದದ್ದು ಹಾಗೆ. ನಮ್ಮವರು ಅದೇ ಎಳೆಗಳಲ್ಲಿ ನೂರು ಕೌರವರನ್ನೂ ಐದು ಪರಾಗಕೋಶಗಳಲ್ಲಿ ಪಾಂಡವರನ್ನೂ ಕಂಡರು. ಹೂವು ಒಂದೇ, ಕಾಣುವ ಕಣ್ಣು ಬೇರೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಒಂದೇ ಶಬ್ದ ಸಾಲದು. ಹುಚ್ಚು, ಚಟ, ಹಂಬಲ, ಛಲ. ಮರಾಠಿಯ ನೆರೆಯಿಂದ ಬಂದ ‘ನಾದ’ ಬೇರೆ. ‘ಅವಗ ಅದರ ನಾದ ಹತ್ತೈತಿ’ ಎಂದರೆ ಹೊಗಳಿಕೆಯೋ ಬೈಗುಳವೋ ಹೇಳಿದವರ ದನಿಯಿಂದಲೇ ತಿಳಿಯಬೇಕು.

ಕುಲಗೋಡ ತಮ್ಮಣ್ಣ ಆಟವಾಗಿ ಬೆಳೆಸಿದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಇವೆಲ್ಲವೂ ಇವೆ. ಒಂದು ಹೂವು ರುಕ್ಮಿಣಿಯ ಪಾಲಾದದ್ದಕ್ಕೆ ಸತ್ಯಭಾಮೆ ಸಿಟ್ಟು, ಅಸೂಯೆ, ವಿರಹಗಳಲ್ಲಿ ಬೇಯುತ್ತಾಳೆ. ಪ್ರೀತಿ ಮತ್ತು ನೋವು ಅಲ್ಲಿ ಬೇರೆ ಬೇರೆಯಲ್ಲ. ಈ ಆಟದಿಂದಲೇ ಹೆಸರಾದ ಕೌಜಲಗಿ ನಿಂಗಮ್ಮನಂಥ ಕಲಾವಿದರೂ ಬೆಳಗಿನವರೆಗೆ ನಿದ್ದೆಗೆಟ್ಟೇ ಜನರನ್ನು ನಗಿಸಿ ಅಳಿಸಿದರು.

ಒಮ್ಮೆ ಪಾಲಕರೊಬ್ಬರು ಬಂದು, ‘ಮಗಗ ತಬಲಾದ ನಾದ ಹತ್ತೈತ್ರಿ ಸರ, ಬಿಡಸ್ರಿ’ ಎಂದರು. ಹುಡುಗನನ್ನು ಕರೆಸಿ ನಾನೂ ಗದರಿಸಿದೆ. ತಲೆ ತಗ್ಗಿಸಿ ನಿಂತವನ ಬೆರಳುಗಳಲ್ಲಿ ಬೊಬ್ಬೆಗಳಿದ್ದವು. ಕಂಡೂ ಸುಮ್ಮನಾದೆ. ಅವನು ತಬಲಾ ಬಿಟ್ಟ. ಅಂಕಗಳೇನೂ ಏರಲಿಲ್ಲ.

ಈಗ ಅಂಥ ದೂರು ಬಂದರೆ ಒಂದೇ ಪ್ರಶ್ನೆ ಕೇಳುತ್ತೇನೆ: ಇದರ ನೋವು ಯಾರ ಪಾಲಿಗೆ? ಚಟವಾದರೆ ಮನೆಮಂದಿಯೆಲ್ಲ ನರಳುತ್ತಾರೆ. ಹಂಬಲವಾದರೆ ಹುಡುಗ ತಾನೇ ನೋವುಂಡು ನಗುತ್ತಾನೆ. ಬೈಯುವ ಮುನ್ನ ಮಕ್ಕಳ ಬೆರಳನ್ನೊಮ್ಮೆ ನೋಡೋಣ.