ಗಲ್ಲಾದಿಂದ ಎದ್ದು ಆರು ಕಿಲೋಮೀಟರ್
ಡ್ರೀಮ್ ರನ್‌ನಲ್ಲಿ ಮೊದಲ ಬಾರಿ ಓಡುವವರಿಗೆ ಒಂದಿಷ್ಟು ಮಾಹಿತಿ

ಮುಂಬಯಿ: ಬೆಳಗ್ಗಿನ ಐದೂವರೆ ಗಂಟೆ. ಥಾಣೆಯ ತಲಾವ್ ಪಾಳಿಯ ಸುತ್ತ ವಾಕಿಂಗ್ ಹೊರಟವರ ನಡುವೆ ಐವತ್ತೇಳರ ಹರೆಯದ ತುಳು-ಕನ್ನಡಿಗರೊಬ್ಬರು. ಕಾಲಲ್ಲಿ ಹೊಸ ಬೂಟು, ಮೈಮೇಲೆ ಸಂಘದ ಯಾವುದೋ ಹಳೆಯ ಕ್ರೀಡಾಕೂಟದ ಟೀ-ಶರ್ಟು, ಕಿಸೆಯಲ್ಲಿ ಸಕ್ಕರೆಯ ಸಣ್ಣ ಪೊಟ್ಟಣ. ಮೂವತ್ತು ವರ್ಷ ಹೊಟೇಲಿನ ಗಲ್ಲಾದಲ್ಲಿ ಕುಳಿತ ದೇಹ. "ಇಷ್ಟು ವರ್ಷದಲ್ಲಿ ಓಡಿದ್ದೆಂದರೆ ಲೋಕಲ್ ಹಿಡಿಯಲು ಮಾತ್ರ" ಎಂದು ಅವರೇ ನಗುತ್ತಾರೆ. 2024ರ ದೀಪಾವಳಿ ಮುಗಿದ ಬೆನ್ನಿಗೇ ಅವರು ಈ ಕೆರೆಯ ಸುತ್ತ ನಡೆಯಲಾರಂಭಿಸಿದ್ದು 2025ರ ಜನವರಿ 19ರ ಮುಂಬಯಿ ಮ್ಯಾರಥಾನ್‌ನ ಡ್ರೀಮ್ ರನ್‌ಗಾಗಿ. ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಬೇಡ, ಕೆಲಸದ ವಿಷಯ ಬಂದರೆ ಸಾಕು ಎಂಬುದು ಅವರ ಕೋರಿಕೆ.

ಈ ಓಟದ ಹಿಂದೆ ಒಂದು ಋಣದ ಕಥೆಯಿದೆ. 1982ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ ಊರು ಬಿಟ್ಟು ಮುಂಬಯಿ ಸೇರಿದ ಅವರು ಹಗಲು ಹೊಟೇಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಎಸ್.ಎಸ್.ಸಿ. ಪಾಸಾದವರು. ಆಗ ಪುಸ್ತಕ ಕೊಟ್ಟದ್ದು ಸಂಘ. ಇಂದು ಅದೇ ಸಂಘದ ವಿದ್ಯಾನಿಧಿ ಸಮಿತಿಯಲ್ಲಿ ಅವರೂ ಒಬ್ಬ ಸದಸ್ಯರು. 2024ರ ಜೂನ್‌ನಲ್ಲಿ ನಿಧಿಯ ಬಡ್ಡಿ ಹಣ ಸಾಲದೆ, ಅರ್ಜಿ ಹಿಡಿದು ಬಂದ ಹನ್ನೊಂದು ಮಕ್ಕಳನ್ನು "ಮುಂದಿನ ವರ್ಷ ನೋಡೋಣ" ಎಂದು ಹೇಳಿ ಕಳುಹಿಸಬೇಕಾಯಿತು. ಆ ಮಾತನ್ನು ಹೇಳುವ ಸರದಿ ಬಂದದ್ದು ಇವರಿಗೇ. ಶಾಲೆಗೆ ಹೋಗುವ ಮಗುವಿಗೆ ಮುಂದಿನ ವರ್ಷ ಎಂಬುದು ಬಹಳ ದೂರ ಎಂದು ಅವರಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಮಗುವೊಂದಕ್ಕೆ ಮೂರು ಸಾವಿರದಂತೆ ಒಟ್ಟು 33,000 ರೂಪಾಯಿ. ಅದನ್ನು ಓಡಿ ಸಂಪಾದಿಸುವುದೆಂದು ನಿಶ್ಚಯಿಸಿದರು.

ಓಟ ಮತ್ತು ದಾನ

ದಾನಕ್ಕಾಗಿ ಓಡುವ ಪದ್ಧತಿಗೆ ಜಗತ್ತಿನಲ್ಲಿ ದೊಡ್ಡ ಹೆಸರು ತಂದವನು ಕೆನಡಾದ ಯುವಕ ಟೆರಿ ಫಾಕ್ಸ್. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಆತ, 1980ರಲ್ಲಿ ಕೃತಕ ಕಾಲಿನಲ್ಲೇ 143 ದಿನ ಓಡಿ 5,373 ಕಿ.ಮೀ. ಕ್ರಮಿಸಿದ. ರೋಗ ಮರುಕಳಿಸಿ ದೇಶವನ್ನು ಪೂರ್ತಿ ದಾಟಲಾಗಲಿಲ್ಲ. 1981ರಲ್ಲಿ ಇಪ್ಪತ್ತೆರಡರ ಹರೆಯದಲ್ಲೇ ತೀರಿಕೊಂಡ. ಅದೇ ವರ್ಷದಿಂದ ಆತನ ಹೆಸರಿನಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ಓಟಗಳು ನಡೆಯುತ್ತಿವೆ.

ಮುಂಬಯಿ ಮ್ಯಾರಥಾನ್ ಮೊದಲು ನಡೆದದ್ದು 2004ರ ಫೆಬ್ರವರಿಯಲ್ಲಿ. ಬಳಿಕ ಜನವರಿಯ ಆದಿತ್ಯವಾರ ಅದಕ್ಕೆ ಮೀಸಲಾಯಿತು. 2017ರ ತನಕ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಹೆಸರು, 2018ರಿಂದ ಟಾಟಾ ಹೆಸರು. ಕೊರೊನಾದಿಂದಾಗಿ 2021 ಮತ್ತು 2022ರಲ್ಲಿ ನಡೆಯದೆ, 2023ರ ಜನವರಿ 15ರಂದು ಮತ್ತೆ ಆರಂಭವಾಯಿತು. ಪೂರ್ಣ ಮ್ಯಾರಥಾನ್ 42.195 ಕಿ.ಮೀ., ಅರ್ಧ ಮ್ಯಾರಥಾನ್ ಸುಮಾರು 21 ಕಿ.ಮೀ. ಇವೆರಡೂ ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ. ಹೊಸಬರಿಗೆ ತಕ್ಕದ್ದು ಸುಮಾರು 6 ಕಿ.ಮೀ. ದೂರದ ಡ್ರೀಮ್ ರನ್. ಇದು ಸ್ಪರ್ಧೆಯಲ್ಲ, ಸಮಯದ ಲೆಕ್ಕವಿಲ್ಲ. ಓಡಬಹುದು, ನಡೆಯಬಹುದು, ವೇಷ ಹಾಕಿ ಕುಣಿಯುತ್ತಲೂ ಸಾಗಬಹುದು. ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ಇದಕ್ಕಿಂತ ಕಡಿಮೆ ದೂರದ ಪ್ರತ್ಯೇಕ ಓಟಗಳಿವೆ. ಊರಿಗೆ ಹೋದಾಗ ಓಡಬಯಸುವವರಿಗೆ, 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿ.ಮೀ. ಓಟದ ಜತೆಗೂ ಮಜಾ ರನ್ ಎಂಬ ಇಂಥದ್ದೇ ವಿಭಾಗವಿದೆ.

ಮುಂಬಯಿ ಓಟದ ದೇಣಿಗೆ ಸಂಗ್ರಹದ ಜವಾಬ್ದಾರಿ 2009ರಿಂದ ಯುನೈಟೆಡ್ ವೇ ಮುಂಬಯಿ ಸಂಸ್ಥೆಯದ್ದು. ಅಲ್ಲಿ ಹೆಸರು ನೋಂದಾಯಿಸಿದ ಸೇವಾ ಸಂಸ್ಥೆಗಳಿಗಾಗಿ ಓಟಗಾರರು ಹಣ ಕೂಡಿಸುತ್ತಾರೆ. ಅಂತಹ ಸಂಸ್ಥೆಯ ಮೂಲಕ ದೇಣಿಗೆ ನೀಡಿ ಓಟದ ಸೀಟು ಪಡೆಯುವ ದಾರಿಯೂ ಇದೆ. ನಮ್ಮ ಸಣ್ಣಪುಟ್ಟ ಸಂಘಗಳು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮ್ಯಾರಥಾನ್ ಹೆಸರಿನಲ್ಲಿ ರಶೀದಿ ಹರಿಯುವುದು ತರವಲ್ಲ. ಆದ್ದರಿಂದ ಇವರು ತಮ್ಮ ಸ್ವಂತ ಖರ್ಚಿನಲ್ಲಿ ಓಟಕ್ಕೆ ಹೆಸರು ಕೊಟ್ಟರು. ಗೆಳೆಯರಿಂದ ಬಂದ ದೇಣಿಗೆ ನೇರವಾಗಿ ಸಂಘದ ವಿದ್ಯಾನಿಧಿ ಖಾತೆಗೇ ಜಮೆಯಾಗುವಂತೆ ನೋಡಿಕೊಂಡರು. "ಓಡಿ ಮುಗಿಸಿದರೆ ಚೆಕ್ ಕೊಡಿ, ಮುಗಿಸದಿದ್ದರೆ ಬೇಡ" ಎಂಬುದು ಷರತ್ತು. "ಅಣ್ಣಾ, ಹಾಗಾದರೆ ನಮ್ಮ ಹಣ ಉಳಿಯಿತು" ಎಂದು ಕಿರಿಯ ಸದಸ್ಯರು ತಮಾಷೆ ಮಾಡಿದ್ದೂ ಉಂಟು.

ದಾನಿಗಳು ಗಮನಿಸಬೇಕಾದ ಒಂದು ಮಾತು. ಸಂಸ್ಥೆಗೆ ಮಾನ್ಯತೆ ಇದ್ದರೂ ದೇಣಿಗೆಯ ಮೇಲಿನ ಆದಾಯ ತೆರಿಗೆ ರಿಯಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಸಿಗದು. ಚೆಕ್ ಅಥವಾ ಖಾತೆಯಿಂದ ಖಾತೆಗೆ ಪಾವತಿಯೇ ಉತ್ತಮ.

ಮೊದಲು ವೈದ್ಯರು, ಆಮೇಲೆ ಬೂಟು

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯಾಘಾತ ಆದವರು ವೈದ್ಯರನ್ನು ಕಾಣದೆ ಓಟಕ್ಕೆ ಇಳಿಯಬಾರದು. 2024ರ ಜನವರಿಯ ಮುಂಬಯಿ ಮ್ಯಾರಥಾನ್ ದಿನ ಇಬ್ಬರು ಓಟಗಾರರು ಕುಸಿದುಬಿದ್ದು ಮೃತಪಟ್ಟ ಘಟನೆಯನ್ನು ಯಾರೂ ಮರೆಯಬಾರದು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವ ಇವರಿಗೂ ಮನೆಯಾಕೆಯ ಅನುಮತಿ ಸಿಕ್ಕಿದ್ದು ಇ.ಸಿ.ಜಿ. ಮತ್ತು ರಕ್ತಪರೀಕ್ಷೆಯ ವರದಿ ಕೈಸೇರಿದ ಮೇಲೆಯೇ. "ಮಕ್ಕಳಿಗೆ ಪುಸ್ತಕ ಕೊಡಿಸಲು ಹೋಗಿ ನಮ್ಮ ಮನೆಯ ದೀಪ ಆರಿಸಬೇಡಿ" ಎಂದಿದ್ದರಂತೆ ಅವರ ಪತ್ನಿ.

ಇನ್ಸುಲಿನ್ ಮತ್ತು ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಓಡುವಾಗ ರಕ್ತದ ಸಕ್ಕರೆ ದಿಢೀರ್ ಇಳಿಯುವ ಅಪಾಯವಿದೆ. ಒಮ್ಮೆ ಬರಿ ಹೊಟ್ಟೆಯಲ್ಲಿ ಹೊರಟ ಇವರಿಗೆ ಎರಡನೇ ಸುತ್ತಿನಲ್ಲಿ ಕೈ ನಡುಗಿ, ಬೆವರು ಕಿತ್ತುಬಂದು, ಕಟ್ಟೆಯ ಮೇಲೆ ಕುಳಿತುಬಿಡಬೇಕಾಯಿತು. ಜತೆಗಿದ್ದವರು ಸಕ್ಕರೆ ಬಾಯಿಗೆ ಹಾಕಿದ ಮೇಲೆ ಸುಧಾರಿಸಿತು. ಅಂದಿನಿಂದಲೇ ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ. ವೈದ್ಯರ ಸಲಹೆಯಂತೆ ಹೊರಡುವ ಮುನ್ನ ಅರ್ಧ ಬಾಳೆಹಣ್ಣು ತಿನ್ನುವುದೂ ರೂಢಿಯಾಯಿತು.

ಬೂಟಿನ ವಿಷಯದಲ್ಲಿ ಜಿಪುಣತನ ಬೇಡ. ದುಬಾರಿ ಕಂಪೆನಿಯದ್ದೇ ಆಗಬೇಕೆಂದಿಲ್ಲ. ಓಟಕ್ಕೆಂದೇ ಮಾಡಿದ, ಹಿಮ್ಮಡಿಗೆ ಮೆತ್ತನೆಯ ಆಸರೆ ಇರುವ ಬೂಟು ಬೇಕು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುವುದರಿಂದ ಖರೀದಿಗೆ ಸಂಜೆಯೇ ಸರಿಯಾದ ಸಮಯ. ಹಾಕಿ ನೋಡಿದಾಗ ಬೆರಳ ತುದಿಗೂ ಬೂಟಿನ ಮೂತಿಗೂ ನಡುವೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಓಟದ ದಿನ ಹೊಸ ಬೂಟು ಹಾಕುವುದಂತೂ ಸಲ್ಲದು, ಗುಳ್ಳೆ ಏಳುವುದು ಖಂಡಿತ. ಮಹಿಳೆಯರು ಸಲ್ವಾರ್ ಕಮೀಜಿನಲ್ಲಾಗಲಿ ಸೀರೆಯಲ್ಲಾಗಲಿ ಓಡುವುದಾದರೆ ಅದೇ ಉಡುಪಿನಲ್ಲಿ ಕೆಲವು ದಿನ ಅಭ್ಯಾಸ ಮಾಡಿರಬೇಕು.

ಹತ್ತು ವಾರದ ಅಭ್ಯಾಸ

ಮೊದಲ ದಿನ ಇವರು ಮಾಡಿದ್ದು ಎಲ್ಲ ಹೊಸಬರೂ ಮಾಡುವ ತಪ್ಪು. ಹೊರಡುತ್ತಿರುವ ರೈಲನ್ನು ಹಿಡಿಯುವವರಂತೆ ಓಡಿ, ಎರಡೇ ನಿಮಿಷದಲ್ಲಿ ಉಸಿರು ಕಟ್ಟಿ, ಮರುದಿನದಿಂದ ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯಲ್ಲಿ ನೋವು. ಒಂದು ವಾರ ಮನೆಯಲ್ಲೇ ವಿಶ್ರಾಂತಿ. ಬಳಿಕ ಕ್ರಮಬದ್ಧವಾಗಿ ಆರಂಭಿಸಿದರು. ಆ ಕ್ರಮ ಯಾವ ಹೊಸಬರಿಗೂ ಹೊಂದುವಂಥದ್ದು.

ಮೊದಲೆರಡು ವಾರ ಓಟವೇ ಬೇಡ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಬಿರುಸಿನ ನಡಿಗೆ. ಮೂರು, ನಾಲ್ಕನೇ ವಾರ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಹತ್ತು ಸಲ. ಐದು, ಆರನೇ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಏಳು, ಎಂಟನೇ ವಾರ ಮೂರು ನಾಲ್ಕು ನಿಮಿಷ ಓಟಕ್ಕೆ ಒಂದೆರಡು ನಿಮಿಷ ನಡಿಗೆ. ಒಂಬತ್ತನೇ ವಾರದ ಒಂದು ದಿನ ಓಟ-ನಡಿಗೆ ಸೇರಿಸಿ 5 ಕಿ.ಮೀ. ಮುಗಿಸಬೇಕು. ಕೊನೆಯ ವಾರ ಒಂದೆರಡು ದಿನ ಹಗುರವಾದ ನಡಿಗೆ ಮಾತ್ರ. ಉಳಿದದ್ದು ವಿಶ್ರಾಂತಿ. ಓಟವಿರುವ ದಿನಗಳ ನಡುವೆ ಒಂದು ದಿನದ ಬಿಡುವು ಇರಲೇಬೇಕು, ಏಕೆಂದರೆ ಸ್ನಾಯು ಬಲಗೊಳ್ಳುವುದು ಆ ಬಿಡುವಿನಲ್ಲೇ.

ವೇಗ ಹೆಚ್ಚಾಯಿತೋ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಓಡುತ್ತಾ ಪಕ್ಕದವರ ಜತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಮಾತು ತುಂಡಾದರೆ ನಿಧಾನಿಸಬೇಕು. ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆಸುತ್ತು, ಅಸಹಜ ಏದುಸಿರು ಕಂಡರೆ ಅಲ್ಲೇ ನಿಲ್ಲಬೇಕು, ತಡಮಾಡದೆ ಚಿಕಿತ್ಸೆ ಪಡೆಯಬೇಕು. ಗ್ಯಾಸ್ ಇರಬಹುದೆಂದು ಸೋಡಾ ಕುಡಿದು ಸುಮ್ಮನಾಗುವುದು ನಮ್ಮವರ ದೊಡ್ಡ ತಪ್ಪು.

ಓಟದ ದಿನ

ಎದೆಗೆ ಚುಚ್ಚಿಕೊಳ್ಳುವ ನಂಬರಿನ ಬಿಬ್ ಓಟದ ಬೆಳಗ್ಗೆ ಸಿಗುವುದಿಲ್ಲ. ಈಚಿನ ವರ್ಷಗಳಲ್ಲಿ ಅದನ್ನು ಓಟಕ್ಕೆ ಮುಂಚಿನ ದಿನಗಳಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಎಕ್ಸ್‌ಪೋದಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯಬೇಕು. ಬಿಬ್‌ನ ಹಿಂಬದಿಯಲ್ಲಿ ಮನೆಯವರ ಫೋನ್ ನಂಬರ್, ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ ಬರೆದಿಟ್ಟರೆ ಕಷ್ಟಕಾಲದಲ್ಲಿ ಉಪಯೋಗ. ದೂರದ ಉಪನಗರದವರಿಗಾಗಿ ರೈಲ್ವೆಯು ನಸುಕಿನಲ್ಲಿ ವಿಶೇಷ ಲೋಕಲ್ ಬಿಡುವುದುಂಟು, ವೇಳೆ ಹಿಂದಿನ ದಿನದ ಪತ್ರಿಕೆಗಳಲ್ಲಿ ಬರುತ್ತದೆ.

ಸಿ.ಎಸ್.ಎಂ.ಟಿ. ಎದುರು ಡ್ರೀಮ್ ರನ್ ಹೊರಟದ್ದು ಎಂಟು ಗಂಟೆ ದಾಟಿದ ಮೇಲೆ. ಬಿಸಿಲೇರಿತ್ತು. ಡೋಲು, ತಾಸೆ, ಬ್ಯಾನರು, ಗಾಂಧಿ ವೇಷದವರು, ಪೈಠಣಿ ಸೀರೆ ಉಟ್ಟವರು. ಆರಂಭದ ನೂಕುನುಗ್ಗಲಲ್ಲಿ ಓಡಲು ಜಾಗವೇ ಇರಲಿಲ್ಲ, ಅದು ಹೊಸಬರಿಗೆ ಒಳ್ಳೆಯದೇ ಆಯಿತು. ಮರೀನ್ ಡ್ರೈವ್ ತಲುಪುವಾಗ ಕಾಲು ಭಾರವಾಯಿತು. ಇವರು ನಾಚದೆ ನಡೆದರು, ಮತ್ತೆ ಓಡಿದರು, ಮತ್ತೆ ನಡೆದರು. ನೀರನ್ನು ಗುಟುಕು ಗುಟುಕಾಗಿ ಕುಡಿದರು. ಗುರಿ ಮುಟ್ಟುವಾಗ ಮಗಳ ಗಡಿಯಾರದಲ್ಲಿ ಐವತ್ತೆಂಟು ನಿಮಿಷ. "ಪಪ್ಪಾ, ಈಗಲೇ ಕುಳಿತುಕೊಳ್ಳಬೇಡಿ, ಸ್ವಲ್ಪ ನಡೆಯಿರಿ" ಎಂದು ಆಕೆ ಹೇಳಿದ್ದು ಸರಿಯಾದ ಮಾತು. ಓಟ ಮುಗಿದೊಡನೆ ನಿಂತರೆ ರಕ್ತ ಕಾಲಿಗಿಳಿದು ತಲೆಸುತ್ತು ಬರುತ್ತದೆ. ಐದಾರು ನಿಮಿಷ ನಡೆದೇ ಕುಳಿತುಕೊಳ್ಳಬೇಕು.

ತಮಾಷೆ ಮಾಡಿದವರೆಲ್ಲ ಮಾತು ಉಳಿಸಿಕೊಂಡರು. ತಿಂಗಳೊಳಗೆ ವಿದ್ಯಾನಿಧಿಗೆ 34,500 ರೂಪಾಯಿ ಜಮೆಯಾಯಿತು. 2025ರ ಜೂನ್‌ನಲ್ಲಿ ಹಿಂದಿನ ವರ್ಷದ ಪಟ್ಟಿ ತೆಗೆದು ಮಕ್ಕಳನ್ನು ಕರೆದಾಗ ಬಂದದ್ದು ಹತ್ತೇ ಮಂದಿ. ಹನ್ನೊಂದನೆಯ ಹುಡುಗ ಹದಿನಾರು ತುಂಬಿದ್ದೇ ಶಾಲೆ ಬಿಟ್ಟು ಕ್ಯಾಟರಿಂಗ್ ಕೆಲಸಕ್ಕೆ ಸೇರಿಯಾಗಿತ್ತು. ಒಂದು ವರ್ಷ ತಡವಾದದ್ದಕ್ಕೆ ಸಂಘ ತೆತ್ತ ಬೆಲೆ ಅದು ಎಂದು ಇವರು ಸಭೆಯಲ್ಲೇ ಹೇಳಿದರು. ಬಳಿಕ ಹುಡುಗನ ಕೋಣೆ ಹುಡುಕಿಕೊಂಡು ಹೋಗಿ, ಮಾಲಕರೊಂದಿಗೆ ಮಾತಾಡಿ, ಅವನನ್ನು ರಾತ್ರಿ ಶಾಲೆಗೆ ಸೇರಿಸಿ ಬಂದರು. ಅವನ ಪಾಲಿನ ಮೂರು ಸಾವಿರ ಅಲ್ಲಿಗೇ ಸಂದಿತು.

ಡ್ರೀಮ್ ರನ್‌ನ ನೋಂದಣಿ ಓಟಕ್ಕಿಂತ ಹಲವು ತಿಂಗಳ ಮೊದಲೇ ತೆರೆದು ಬೇಗನೆ ತುಂಬುತ್ತದೆ. ನಮ್ಮ ಸಂಘಗಳ ಯುವ ವಿಭಾಗ, ಮಹಿಳಾ ವಿಭಾಗಗಳು ಈಗಿನಿಂದಲೇ ಹತ್ತು ಹದಿನೈದು ಮಂದಿಯ ತಂಡ ಕಟ್ಟಿ ವಾರಕ್ಕೆ ನಾಲ್ಕು ದಿನ ನಡೆಯಲಾರಂಭಿಸಿದರೆ ಜನವರಿ ದೂರವಾಗದು. ತಲಾವ್ ಪಾಳಿಯ ಸುತ್ತ ಇವರ ಜತೆ ಈಗ ಆರು ಮಂದಿ ಇದ್ದಾರೆ. ರಾತ್ರಿ ಶಾಲೆಯ ಹುಡುಗನೂ ರಜೆಯ ದಿನ ಬರುತ್ತಾನೆ. ಅವನ ವೇಗಕ್ಕೆ ಸರಿಗಟ್ಟುವುದು ಇವರಿಂದಾಗದು, ಅದರ ಬಗ್ಗೆ ಬೇಸರವೂ ಇಲ್ಲ.