ಹಳ್ಳಿಯ ಗರ್ಭಿಣಿಯರೂ ದೂರವೈದ್ಯವೂ

ವಿಜಯಪುರದಿಂದ ಬೆಂಗಳೂರು ಬಹು ದೂರವೇನೂ ಅಲ್ಲ. ಆ ಪಟ್ಟಣವಿರುವ ದೇವನಹಳ್ಳಿ ತಾಲ್ಲೂಕಿನಲ್ಲಿಯೇ 2008ರಿಂದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ನಡೆಯುತ್ತಿರುವುದು. ರಾಜಧಾನಿಯಲ್ಲಿ 1935ರಿಂದ ಸ್ತ್ರೀಯರ ಹಾಗೂ ಶಿಶುಗಳ ಸೇವೆಗೆ ನಿಂತ ವಾಣೀವಿಲಾಸ ಆಸ್ಪತ್ರೆಯೂ, ಅದಕ್ಕೆ ಈಚಿನ ಅನೇಕ ದೊಡ್ಡ ಆಸ್ಪತ್ರೆಗಳೂ ಇರುವುವು. ಹೀಗಿರುವಲ್ಲಿ ಈ ಭಾಗದ ಹಳ್ಳಿಗಳ ಗರ್ಭಿಣಿಯರಿಗೆ ವೈದ್ಯರ ಕೊರತೆ ಎಲ್ಲಿಯದು ಎಂದು ಪಟ್ಟಣವಾಸಿಗಳು ಕೇಳಬಹುದು. ಮೈಲಿಗಲ್ಲಿನ ಲೆಕ್ಕ ಬೇರೆ, ಮನೆವಾರ್ತೆಯ ಲೆಕ್ಕ ಬೇರೆ ಎಂಬುದೇ ನಮ್ಮ ಉತ್ತರ.

ವಿಜಯಪುರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಸುತ್ತಣ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳು ಬಹಳ. ಒಳಗಿನ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದು. ನಾಲ್ಕನೆಯ ಜ್ವರ ಎದ್ದ ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಭಾಗವನ್ನು ಒಂದು ವಾರದೊಳಗಾಗಿ ತಿಂದು ಮುಗಿಸುವುದು. ಆ ವಾರದಲ್ಲಿ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳದಿದ್ದರೆ ಬೆಳೆಯೇ ಹೋಯಿತು. ಎಂಟು ತಿಂಗಳ ಗರ್ಭಿಣಿಗೆ ಕಾಲು ಊದಿ ತಲೆ ಸಿಡಿಯುತ್ತಿದ್ದರೂ, ಇಡೀ ದಿವಸ ಕಳೆದು ನಗರದ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದಕ್ಕೆ ಅವಳು ಹೊರಡುವಳೆ? ‘ಹುಳು ಹಣ್ಣಾಗಲಿ, ಆಮೇಲೆ ನೋಡೋಣ’ ಎನ್ನುವಳು. ಆ ‘ಆಮೇಲೆ’ ಎಂಬುದರಲ್ಲಿ ಅಪಾಯವಿರುವುದು.

ನಮ್ಮ ರಾಜ್ಯವು ಈ ವಿಷಯದಲ್ಲಿ ಮುಂದುವರಿದಿಲ್ಲವೆಂದು ಹೇಳುವುದು ನ್ಯಾಯವಲ್ಲ. ಒಂದು ಲಕ್ಷ ಸಜೀವ ಜನನಗಳಿಗೆ 2001–03ರಲ್ಲಿ 228 ಮಂದಿ ತಾಯಂದಿರು ಕರ್ನಾಟಕದಲ್ಲಿ ಮೃತರಾಗುತ್ತಿದ್ದರು; 2018–20ರ ಲೆಕ್ಕದಲ್ಲಿ ಈ ಸಂಖ್ಯೆಯು 69ಕ್ಕೆ ಇಳಿಯಿತು. ಆದರೆ ಅದೇ ಲೆಕ್ಕದಲ್ಲಿ ತಮಿಳುನಾಡಿನದು 54, ಕೇರಳದ್ದು 19. ನೆರೆಯವರು ಮಾಡಿದುದನ್ನು ನಾವು ಮಾಡಲಾರೆವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದುವು. ಆದರೂ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಮಿಕ್ಕಿ ರಕ್ತಹೀನತೆಯುಳ್ಳವರಾಗಿದ್ದರು. ಹೆರಿಗೆಯ ದಿನ ತಾಯಿಯನ್ನು ಆಸ್ಪತ್ರೆಗೆ ಸೇರಿಸುವುದನ್ನು ಕಲಿತ ನಾವು, ಅದಕ್ಕೆ ಹಿಂದಿನ ಒಂಬತ್ತು ತಿಂಗಳು ಅವಳನ್ನು ಕಾಯುವುದನ್ನು ಇನ್ನೂ ಪೂರ್ತಿಯಾಗಿ ಕಲಿಯಲಿಲ್ಲವೆಂಬುದು ಇದರಿಂದ ವಿಶದವಾಗುವುದು.

ಟೆಲಿಮೆಡಿಸಿನ್ ಎಂದು ಕರೆಯಲ್ಪಡುವ ದೂರವೈದ್ಯದ ನಿಜವಾದ ಪ್ರಯೋಜನವಿರುವುದು ಈ ಒಂಬತ್ತು ತಿಂಗಳಲ್ಲಿ. ರಕ್ತದ ಒತ್ತಡ 140/90ನ್ನು ಮುಟ್ಟಿತೆ, ಮೂತ್ರದಲ್ಲಿ ಪ್ರೋಟೀನ್ ಕಂಡಿತೆ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿಯಿತೆ, ಕೂಸಿನ ಚಲನೆ ಕುಗ್ಗಿತೆ—ಇವನ್ನು ಅರಿಯಲು ತಜ್ಞನೇ ಹಳ್ಳಿಗೆ ಬರಬೇಕಾದುದಿಲ್ಲ. ಉಪಕೇಂದ್ರದ ದಾದಿಯು ಅಳೆಯಬಲ್ಲಳು, ಆಶಾ ಕಾರ್ಯಕರ್ತೆಯು ವಿಚಾರಿಸಬಲ್ಲಳು. ಅಳೆದುದರ ಅರ್ಥವನ್ನು ತಿಳಿದು, ಮುಂದೇನು ಮಾಡತಕ್ಕದ್ದೆಂದು ಹೇಳುವವರು ಮಾತ್ರ ತಂತಿಯಾಚೆ ಇದ್ದರೆ ಸಾಕು.

ಇದು ನಮ್ಮ ನಾಡಿಗೆ ಹೊಸತಲ್ಲ. ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ 2002ರ ಸುಮಾರಿಗೇ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಲ್ಪಟ್ಟವು. ದಿನ ತುಂಬದೆ ಹುಟ್ಟಿದ ಕೂಸುಗಳ ಕಣ್ಣು ಕಾಯಲು ನಾರಾಯಣ ನೇತ್ರಾಲಯದವರು 2008ರಲ್ಲಿ ‘ಕಿಡ್ರಾಪ್’ ಎಂಬ ಯೋಜನೆಯನ್ನು ಆರಂಭಿಸಿದರು: ತರಬೇತಿ ಹೊಂದಿದ ತಂತ್ರಜ್ಞರು ಊರೂರಿನ ಆಸ್ಪತ್ರೆಗೆ ಯಂತ್ರವನ್ನು ಒಯ್ದು ಚಿತ್ರ ತೆಗೆಯುವುದು, ದೂರದ ನೇತ್ರವೈದ್ಯರು ಅದನ್ನು ನೋಡಿ ತೀರ್ಪು ಕೊಡುವುದು. 2020ರಲ್ಲಿ ಭಾರತ ಸರ್ಕಾರವು ದೂರವೈದ್ಯದ ನಿಯಮಾವಳಿಯನ್ನು ಹೊರಡಿಸಿತು; ‘ಇ-ಸಂಜೀವಿನಿ’ಯೂ ಅದೇ ವರ್ಷ ಮನೆಮನೆಯ ರೋಗಿಗಳಿಗೆ ತೆರೆಯಿತು. ಸಾಧನವಿದೆ, ನಿಯಮವಿದೆ, ಅನುಭವವೂ ಇದೆ.

ಆದರೆ ತಂತಿಯು ಸಲಹೆಯನ್ನು ಒಯ್ಯುವುದೇ ಹೊರತು ಕೈಯನ್ನು ಒಯ್ಯಲಾರದು. ಹೆರಿಗೆಯ ತರುವಾಯ ರಕ್ತ ಸುರಿಯುತ್ತಿರುವವಳಿಗೆ ಪರದೆಯ ಮೇಲಿನ ಮುಖದಿಂದ ಏನಾಗಬೇಕು? ತುರ್ತು ಸ್ಥಿತಿಯಲ್ಲಿ ರೋಗಿಗೆ ಆದಷ್ಟು ಬೇಗ ನೇರ ಚಿಕಿತ್ಸೆ ದೊರೆಯಬೇಕೆಂದೇ ಮೇಲ್ಕಂಡ ನಿಯಮಾವಳಿಯೂ ಹೇಳುವುದು. ಆಸ್ಪತ್ರೆಯನ್ನು ಸೇರಿದ ಮಾತ್ರಕ್ಕೆ ಕ್ಷೇಮವೆಂದೂ ತಿಳಿಯಲಾಗದು; 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡುದನ್ನು ನಾಡು ಮರೆತಿಲ್ಲ. ಆದಕಾರಣ ಯಂತ್ರವನ್ನು ತೋರಿಸಿ ವೈದ್ಯರ ಹುದ್ದೆಗಳನ್ನು ಖಾಲಿ ಬಿಡುವ ಯೋಚನೆ ಯಾರಿಗಾದರೂ ಇದ್ದರೆ, ಅದನ್ನು ನಾವು ಖಂಡಿತವಾಗಿ ವಿರೋಧಿಸುವೆವು.

ಇದು ಸಫಲವಾಗಬೇಕಾದರೆ ನಾಲ್ಕು ಸಂಗತಿಗಳು ಅವಶ್ಯವೆಂದು ನಮ್ಮ ಅಭಿಪ್ರಾಯ. ಮೊದಲನೆಯದು, ಅಳತೆಯ ಶುದ್ಧಿ. ಪ್ರತಿಯೊಂದು ಉಪಕೇಂದ್ರದಲ್ಲಿಯೂ ಕೆಟ್ಟುಹೋಗದ ಒತ್ತಡಮಾಪಕವೂ ರಕ್ತ-ಮೂತ್ರ ಪರೀಕ್ಷೆಯ ಸಾಮಗ್ರಿಯೂ ಇರಲೇಬೇಕು; ತಪ್ಪು ಅಂಕಿಯನ್ನು ನಂಬಿದರೆ ಮಹಾಪಂಡಿತನೂ ತಪ್ಪನ್ನೇ ಹೇಳುವನು. ಎರಡನೆಯದು, ಗೊತ್ತಾದ ದಿನ ಮತ್ತು ವೇಳೆ. 2016ರಲ್ಲಿ ಆರಂಭವಾದ ಸುರಕ್ಷಿತ ಮಾತೃತ್ವ ಅಭಿಯಾನವು ಪ್ರತಿ ತಿಂಗಳ 9ನೆಯ ತಾರೀಖನ್ನು ಗರ್ಭಿಣಿಯರ ತಪಾಸಣೆಗೆ ಮೀಸಲಿರಿಸಿತು. ಅಂದು ಅಪಾಯದ ಗುರುತು ಕಂಡವರನ್ನು ಒಬ್ಬರೇ ಪ್ರಸೂತಿತಜ್ಞರು ಮುಂದಿನ ವಾರಗಳಲ್ಲಿಯೂ ದೂರದಿಂದ ನೋಡುತ್ತಿರಬೇಕು; ದಿನಕ್ಕೊಬ್ಬ ಅಪರಿಚಿತರು ಬಂದು ಮೊದಲಿನಿಂದ ಕೇಳುವಂತಾಗಬಾರದು. ಮೂರನೆಯದು, ಗೋಪ್ಯ. ಈ ಸೀಮೆಯಲ್ಲಿ ಕನ್ನಡದೊಡನೆ ತೆಲುಗು, ಉರ್ದು ಮಾತನಾಡುವ ಸಂಸಾರಗಳೂ ಉಂಟು. ಗರ್ಭಿಣಿಯು ತನ್ನ ಮಾತಿನಲ್ಲಿ, ತಾನೇ, ಒಬ್ಬಳೇ ಕುಳಿತು ಹೇಳಿಕೊಳ್ಳಲು ಅನುಕೂಲವಿರಬೇಕು. ಅವಳ ಪರವಾಗಿ ಅತ್ತೆಯೋ ಗಂಡನೋ ಉತ್ತರಿಸುತ್ತ ಹೋದರೆ ರೋಗವು ಹೊರಬೀಳದು.

ನಾಲ್ಕನೆಯದೇ ಮುಖ್ಯವಾದುದು. ‘ಕೂಡಲೇ ಕಳುಹಿಸಿ’ ಎಂದು ತಜ್ಞರು ನುಡಿದರೆ ಆ ನುಡಿಗೆ ಆಜ್ಞೆಯ ಬಲವಿರಬೇಕು. ಅದು ತಾಯಿ ಕಾರ್ಡಿನಲ್ಲಿ ದಾಖಲಾಗಬೇಕು. 108ರ ವಾಹನವು ಹೊರಡಬೇಕು. ಸೇರಿಸಿಕೊಳ್ಳುವ ಆಸ್ಪತ್ರೆಗೆ ಮೊದಲೇ ತಿಳಿದು, ಅಲ್ಲಿ ಹಾಸಿಗೆಯೂ ರಕ್ತವೂ ಸಿದ್ಧವಾಗಿರಬೇಕು. ದೂರದ ವೈದ್ಯರ ಸಲಹೆಯನ್ನು ಹಿಡಿದು ಬಂದವಳು ಹೊರರೋಗಿಗಳ ಚೀಟಿಗಾಗಿ ಪುನಃ ಸಾಲಿನಲ್ಲಿ ನಿಲ್ಲಬೇಕಾದರೆ, ಆ ಸಲಹೆಗೆ ಏನು ಬೆಲೆ?

ಅಧಿಕಾರಿಗಳು ತಮ್ಮ ವರದಿಗಳಲ್ಲಿ ಎಷ್ಟು ಸಾವಿರ ಕರೆಗಳು ಬಂದುವೆಂದು ಬರೆದುಕೊಳ್ಳುವುದು ಸಹಜವೇ. ಅವರಲ್ಲಿ ನಮ್ಮ ವಿನಂತಿಯು ಬೇರೆಯಾದುದು. ಅಪಾಯವಿದೆಯೆಂದು ಗುರುತಿಸಲ್ಪಟ್ಟ ಗರ್ಭಿಣಿಯರು ಎಷ್ಟು ಮಂದಿ, ಅವರಲ್ಲಿ ವೇಳೆಗೆ ಸರಿಯಾಗಿ ಆಸ್ಪತ್ರೆ ಸೇರಿದವರೆಷ್ಟು, ಸೇರದೆ ಹೋದವರಿಗೆ ಅಡ್ಡ ಬಂದುದೇನು ಎಂಬ ಲೆಕ್ಕವನ್ನು ತಾಲ್ಲೂಕುವಾರು ತಿಂಗಳು ತಿಂಗಳಿಗೆ ಪ್ರಕಟಿಸಲಿ. ಗೂಡಿನ ದರವನ್ನು ದಿನವೂ ಫಲಕದ ಮೇಲೆ ಬರೆಯಿಸುವ ನಾಡಿಗೆ, ಗೂಡು ಬೆಳೆದ ತಾಯಿಯ ಕ್ಷೇಮವನ್ನು ತಿಂಗಳಿಗೊಮ್ಮೆ ಬರೆಯಿಸುವುದು ಭಾರವಾಗಲಾರದು.